ಹೊಳೆ ಇಳಿಯಿತು, ಮಳೆ ತಗ್ಗಿತು

ಅಕ್ಕನ ಮಗ (ಬೆಳಗಾವಿ): ಚಿಕ್ಕಮ್ಮ, ಈ ಚಿತ್ರ ನೋಡಿ. ನಿನ್ನೆ ತರಬೇತಿ ಕೇಂದ್ರದಲ್ಲಿ ಬರೆದ ಮಾದರಿ ಪರೀಕ್ಷೆ, 37ನೇ ಪ್ರಶ್ನೆ. ‘ಮೂರು ದಿನಗಳ ಬಳಿಕ ಪ್ರವಾಹದ ನೀರು…’ ಎಂಬ ಇಂಗ್ಲಿಷ್ ವಾಕ್ಯಕ್ಕೆ ಕ್ರಿಯಾಪದ ತುಂಬಬೇಕಿತ್ತು. ಆಯ್ಕೆಗಳು ಅಬೇಟೆಡ್, ಸಬ್‌ಸೈಡೆಡ್, ಎಬ್ಡ್, ವೇನ್ಡ್. ನಾನು ಸಬ್‌ಸೈಡೆಡ್ ಗುರುತಿಸಿದೆ. ತಪ್ಪಂತೆ. ಅಬೇಟೆಡ್ ಒಂದೇ ಸರಿಯಂತೆ. ಒಂದು ಅಂಕ ಹೋಯಿತು, ಅದರ ಮೇಲೆ ಕಾಲು ಅಂಕ ಕಡಿತ.

ಅಣ್ಣ (ಬೆಂಗಳೂರು): ನಾಲ್ಕಕ್ಕೂ ಅರ್ಥ ‘ಕಡಿಮೆಯಾಗು’ ಎಂದೇ ತಾನೇ? ಕೊಟ್ಟ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋಗು.

ನಾನು (ಬಾಗಲಕೋಟೆ): ಅಣ್ಣ, ಹುಡುಗನಿಗೆ ಹಾಗೆ ಹೇಳಬೇಡ. 31 ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ನಮ್ಮ ಮಕ್ಕಳ ಇಂಗ್ಲಿಷನ್ನು ಕುಂಟಾಗಿಸಿದ್ದು ಇದೇ ಮಾತು. ಗೈಡುಗಳಲ್ಲಿ ಎಡಕ್ಕೆ ಹತ್ತು ಪದ ಇರುತ್ತವೆ, ಬಲಕ್ಕೆ ಹತ್ತಕ್ಕೂ ‘ಕಡಿಮೆಯಾಗು’. ನೀನು ಕನ್ನಡದಲ್ಲಿ ಹಾಗೆ ಮಾತನಾಡುತ್ತೀಯಾ? ಜ್ವರ ಬಿಟ್ಟಿತು ಎನ್ನುತ್ತೀಯೆ. ಬಾವು ಇಳಿಯಿತು, ಗಾಳಿ ತಗ್ಗಿತು, ಸದ್ದು ಅಡಗಿತು, ಕೆರೆ ಬತ್ತಿತು, ದಾಹ ಹಿಂಗಿತು ಎನ್ನುತ್ತೀಯೆ. ‘ಸದ್ದು ಬತ್ತಿತು, ಕೆರೆ ಹಿಂಗಿತು’ ಎಂದು ಬರೆದ ಮಗುವನ್ನು ಕನ್ನಡದ ಮೇಷ್ಟ್ರು ತಿದ್ದುತ್ತಾರೆ. ಇಂಗ್ಲಿಷಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ವಕೀಲ ಮಾವ (ಬೆಳಗಾವಿ): ಆದರೆ ಉತ್ತರ ಸರಿಯಾಗಿಯೇ ಇದೆಯಲ್ಲ! ಅಬೇಟ್ ತೂಕದ ಪದ. ನ್ಯಾಯಾಲಯದಲ್ಲಿ ದಿನಾ ಕೇಳುತ್ತೇವೆ. ಪಕ್ಷಗಾರ ತೀರಿಕೊಂಡ ಮೇಲೆ 90 ದಿನಗಳೊಳಗೆ ಅವನ ವಾರಸುದಾರರನ್ನು ದಾಖಲೆಗೆ ತರಲು ಅರ್ಜಿ ಹಾಕದಿದ್ದರೆ ಅವನ ಮಟ್ಟಿಗೆ ದಾವೆ ಅಬೇಟ್ ಆಗುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೇ ಆದೇಶವನ್ನು ತೆಗೆದು ನೋಡಿ.

ನಾನು: ಮಾವ, ಆ ದಾವೆ ಸ್ವಲ್ಪ ಕಡಿಮೆಯಾಗಿ ಉಳಿದಿರುತ್ತದೆಯೇ?

ವಕೀಲ ಮಾವ: ಇಲ್ಲ, ಮುಗಿದೇ ಹೋಗುತ್ತದೆ. ಅಬೇಟ್ ಆದದ್ದನ್ನು ರದ್ದುಪಡಿಸಿ ಎಂದು ಬೇರೆ ಅರ್ಜಿಯನ್ನೇ ಹಾಕಬೇಕು.

ನಾನು: ಹಾಗಾದರೆ ಅದು ಈ ಪ್ರಶ್ನೆಗೆ ಸಾಕ್ಷಿಯಾಗುವುದಿಲ್ಲ. ಅಬೇಟ್ ಬಂದದ್ದು ಹಳೆಯ ಫ್ರೆಂಚಿನಿಂದ. ಮೂಲಾರ್ಥ ಹೊಡೆದು ಕೆಡವುವುದು. ಆ ಏಟು ಕಾನೂನಿನಲ್ಲಿ ಹಾಗೆಯೇ ಉಳಿದುಕೊಂಡಿದೆ, ಆದ್ದರಿಂದ ನಿಮ್ಮ ದಾವೆ ಬಿದ್ದುಹೋಗುತ್ತದೆ. ದಿನಬಳಕೆಯ ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ರಭಸಕ್ಕೆ ಸೇರಿದ ಪದ: ಬಿರುಗಾಳಿ, ಮಳೆ, ನೋವು, ಸಿಟ್ಟು. ಮೈಮೇಲೆ ಏರಿ ಬರುತ್ತಿದ್ದ ಒಂದು ಜೋರು ಸೊಪ್ಪಾಗುವುದು. ನಮ್ಮ ‘ತಗ್ಗಿತು’ ಅದಕ್ಕೆ ಹತ್ತಿರ.

ಅತ್ತೆ (ವಿಜಯಪುರ): ನಾನು ವಾರ್ಡಿನಲ್ಲಿ ಕೇಸ್ ಶೀಟ್ ಬರೆಯುವಾಗ ಬಾವು ಸಬ್‌ಸೈಡ್ ಆಯಿತು ಎಂದೇ ಬರೆಯುತ್ತಿದ್ದೆ. ಅಬೇಟ್ ಎಂದು ಯಾರೂ ಬರೆದದ್ದು ನೆನಪಿಲ್ಲ. ಜ್ವರಕ್ಕೆ ಮಾತ್ರ ಎರಡನ್ನೂ ಬರೆಯುತ್ತಿದ್ದೆವು.

ನಾನು: ನಿಮ್ಮ ಕೈ ಸರಿಯಾಗಿಯೇ ಬರೆದಿದೆ. ಬಾವು ಉಬ್ಬಿ ನಿಂತದ್ದು, ಅದು ಕೆಳಗಿಳಿಯಬೇಕು. ಜ್ವರಕ್ಕೆ ಏರಿಕೆಯೂ ಉಂಟು, ರಭಸವೂ ಉಂಟು, ಹಾಗಾಗಿ ಎರಡೂ ಒಪ್ಪುತ್ತವೆ.

ಕಾಕಾ (ಜಮಖಂಡಿ ಕಡೆಯ ಊರಿನಿಂದ): ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ. ಹೊಳೆಯ ಸುದ್ದಿ ಹೇಳುತ್ತೇನೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಕಡೆ ಮಳೆ ತಗ್ಗಿ ಎರಡು ದಿನವಾಯಿತು. ಇಲ್ಲಿ ಕೃಷ್ಣೆ ನಿನ್ನೆಯವರೆಗೂ ಏರುತ್ತಲೇ ಇದ್ದಳು. ಇಂದು ಬೆಳಿಗ್ಗೆ ಗುಡಿಯ ಮುಂದಿನ ಎರಡು ಮೆಟ್ಟಿಲು ಕಾಣಿಸಿವೆ. ಈಗ ಇಳಿಯುತ್ತಿದೆ ಎನ್ನಬಹುದು.

ನಾನು: ಕಾಕಾ, ಇಡೀ ವ್ಯಾಕರಣವನ್ನು ನೀವು ಎರಡು ಮೆಟ್ಟಿಲಿನಲ್ಲಿ ಹೇಳಿದಿರಿ. ಮೇಲೆ ಮಳೆ ‘ತಗ್ಗಿತು’, ಇಲ್ಲಿ ಹೊಳೆ ‘ಇಳಿಯಿತು’. ಮಳೆಗೆ ಮೆಟ್ಟಿಲು ಇಲ್ಲ, ಜೋರು ಇದೆ. ಅದು ಅಬೇಟ್. ಹೊಳೆಗೆ ಮಟ್ಟ ಇದೆ. ಅದು ಸಬ್‌ಸೈಡ್. ಮೊದಲನೆಯದು ಆಗಿ ಎರಡು ದಿನ ಕಳೆದರೂ ಎರಡನೆಯದು ಆಗಿರಲಿಲ್ಲ. ಎರಡೂ ಒಂದೇ ಆಗಿದ್ದರೆ ನದಿದಂಡೆಯ ಜನ ಆ ಎರಡು ದಿನ ಜಾನುವಾರುಗಳನ್ನು ಮೇಲಿನ ಊರಿಗೆ ಸಾಗಿಸುತ್ತಲೇ ಇರಲಿಲ್ಲ.

2019ರ ಆಗಸ್ಟ್‌ನಲ್ಲಿ ನಾನು ನಿಮ್ಮ ಮನೆಯಲ್ಲೇ ಸಿಲುಕಿದ್ದೆನಲ್ಲ. ನಲ್ಲಿಯಲ್ಲಿ ನೀರಿರಲಿಲ್ಲ. ಕಾಕಿ ಹೊಳೆಯ ಕೆಂಪು ನೀರನ್ನು ತಾಮ್ರದ ಹಂಡೆಗೆ ತುಂಬಿಸಿ, ಪಟಿಕದ ತುಂಡನ್ನು ನಾಲ್ಕು ಸುತ್ತು ಆಡಿಸಿ, ಮೇಲೆ ತಟ್ಟೆ ಮುಚ್ಚಿ, ‘ಯಾರೂ ಅಲುಗಾಡಿಸಬೇಡಿ’ ಎಂದು ಮಲಗಿದಳು. ಬೆಳಿಗ್ಗೆ ತಟ್ಟೆ ತೆಗೆದರೆ ಮೇಲೆ ತಿಳಿನೀರು, ತಳದಲ್ಲಿ ಎರಡು ಬೆರಳು ದಪ್ಪ ರಾಡಿ. ನನಗೆ ಸಬ್‌ಸೈಡ್ ಎಂದರೆ ಆ ಹಂಡೆಯೇ ನೆನಪಾಗುತ್ತದೆ. ಅದು ಲ್ಯಾಟಿನ್ ಪದ, ‘ಕೆಳಗೆ ಕೂತುಕೊಳ್ಳು’ ಎಂದು ಅರ್ಥ. ಅದರೊಳಗಿನ ‘ಸೀಡೆರೆ’ ಸಂಸ್ಕೃತದ ‘ಸೀದತಿ’ಯ ಒಡಹುಟ್ಟು. ಉಪನಿಷತ್ತು, ವಿಷಾದ, ಪ್ರಸನ್ನ ಎಲ್ಲವೂ ಅದೇ ಧಾತುವಿನವು. ಸಂಸ್ಕೃತದಲ್ಲಿ ರಾಡಿ ಕೂತು ತಿಳಿಯಾದ ನೀರನ್ನೂ ಪ್ರಸನ್ನ ಎನ್ನುತ್ತಾರೆ. ಇಷ್ಟು ಹತ್ತಿರದ ಪದವನ್ನು ಗುರುತಿಸಿದ ಹುಡುಗನಿಗೆ ತಪ್ಪು ಹಾಕಿದ್ದಾರೆ ಎಂದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಅಕ್ಕನ ಮಗ: ಜೋಶಿಮಠದಲ್ಲಿ 2023ರಲ್ಲಿ ನೆಲ ಕುಸಿದಾಗ ಸುದ್ದಿಯಲ್ಲಿ ಸಬ್‌ಸಿಡೆನ್ಸ್ ಎಂದೇ ಬರುತ್ತಿತ್ತು. ಅದೂ ಇದೇ ಪದವೇ?

ನಾನು: ಅದೇ. ನೆಲ ಕೂತುಕೊಂಡಿತು. ನಮ್ಮ ಎರೆಮಣ್ಣಿನ ಮೇಲೆ ಮನೆ ಕಟ್ಟಿದವರು ‘ಪಾಯ ಕೂತಿತು’ ಎನ್ನುವುದಿಲ್ಲವೇ, ಹಾಗೆ. ಅಲ್ಲಿ ಅಬೇಟ್ ಹಾಕಲು ಬರುವುದೇ ಇಲ್ಲ.

ಅಣ್ಣ: ಒಪ್ಪಿದೆ. ಆದರೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗುವುದಿಲ್ಲ. ಲ್ಯಾಟಿನ್, ಹಂಡೆ, ಪಟಿಕ ಎಲ್ಲ ನೆನೆಯುತ್ತಾ ಕೂರುವುದಕ್ಕೆ ಆಗುತ್ತದೆಯೇ?

ನಾನು: ಅಷ್ಟೊಂದು ಬೇಕಿಲ್ಲ. ತಗ್ಗಿದ್ದು ಜೋರೋ, ಮಟ್ಟವೋ ಎಂದು ಕನ್ನಡದಲ್ಲಿ ಕೇಳಿಕೊಂಡರೆ ಬಹುಪಾಲು ಕೆಲಸ ಆಗುತ್ತದೆ. ಎಬ್ ಸಮುದ್ರದ ಇಳಿತ. ಕಾರವಾರದ ದಂಡೆಗೆ ಸರಿ, ಕೃಷ್ಣೆಯ ನೆರೆಗೆ ಅಷ್ಟಾಗಿ ಹೊಂದದು. ವೇನ್ ಚಂದ್ರನದು, ಕೃಷ್ಣಪಕ್ಷದಲ್ಲಿ ಕ್ಷೀಣಿಸುವುದು. ಅದು ನಮ್ಮ ‘ಊನ’ದ ದೂರದ ನೆಂಟ. ಆಸಕ್ತಿ, ಅಧಿಕಾರ, ಪ್ರಭಾವ ಇವಕ್ಕೂ ಬರುತ್ತದೆ. ಬೆಂಕಿ, ಚಪ್ಪಾಳೆ, ಗದ್ದಲ ಇವುಗಳಿಗೆ ಡೈ ಡೌನ್.

ವಕೀಲ ಮಾವ: ಪತ್ರಿಕೆಗಳಲ್ಲಿ ರಿಸೀಡ್ ಎಂದೂ ಓದಿದ್ದೇನೆ.

ನಾನು: ಅದು ಹಿಂದಕ್ಕೆ ಸರಿಯುವುದು. ನೀರು ಕಬ್ಬಿನ ಹೊಲ ಬಿಟ್ಟು ಹೊಳೆಯ ಪಾತ್ರಕ್ಕೆ ವಾಪಸಾಗುವುದು. ಹಣೆಯ ಕೂದಲು ಹಿಂದೆ ಸರಿದರೂ ಅದೇ ಪದ. ಈ ವಾಕ್ಯಕ್ಕೆ ಅದೂ ಸರಾಗವಾಗಿ ಕೂರುತ್ತಿತ್ತು. ಆಯ್ಕೆಯಲ್ಲೇ ಕೊಟ್ಟಿಲ್ಲ.

ಅಕ್ಕನ ಮಗ: ಚಿಕ್ಕಮ್ಮ, ಕೇಂದ್ರಕ್ಕೆ ಆಕ್ಷೇಪಣೆ ಬರೆದಿದ್ದೇನೆ, ನೋಡಿ: ‘37ನೇ ಪ್ರಶ್ನೆಯ ಉತ್ತರ ಅಬೇಟೆಡ್ ತಪ್ಪು. ನೀರಿಗೆ ಆ ಪದ ಬರುವುದಿಲ್ಲ. ಸಬ್‌ಸೈಡೆಡ್ ಮಾತ್ರ ಸರಿ.’

ನಾನು: ಕಳುಹಿಸಬೇಡ, ನಿಲ್ಲು! ಅವರು ಮಾಡಿದ ತಪ್ಪನ್ನೇ ನೀನೂ ಮಾಡುತ್ತಿದ್ದೀಯೆ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ, ನೋಹನ ಪ್ರಳಯದ ಕಥೆಯಲ್ಲಿ, 150 ದಿನಗಳಾದ ಮೇಲೆ ನೀರು ಇಳಿದದ್ದಕ್ಕೆ ಅಬೇಟೆಡ್ ಎಂದೇ ಇದೆ. ಆದ್ದರಿಂದ ನೀರಿಗೆ ಅದು ಬರುವುದಿಲ್ಲ ಎನ್ನಲಾಗದು.

ವಕೀಲ ಮಾವ: ನೋಡಿ, ನಾನು ಹೇಳಲಿಲ್ಲವೇ!

ನಾನು: ಹೇಳಿದಿರಿ, ಆದರೆ ತಪ್ಪು ಕಾರಣ ಕೊಟ್ಟಿರಿ ಮಾವ. ನನ್ನ ತಕರಾರು ಅಬೇಟೆಡ್ ಮೇಲಲ್ಲ, ‘ಒಂದೇ ಸರಿ’ ಎಂದದ್ದರ ಮೇಲೆ. ನೀನು ಹೀಗೆ ಬರೆ ಮಗನೇ: ‘ಪ್ರವಾಹದ ನೀರಿಗೆ ಸಬ್‌ಸೈಡೆಡ್ ರೂಢಿಯ ಪದ. ಅಬೇಟೆಡ್ ಕೂಡ ಒಪ್ಪುತ್ತದೆ. ಎರಡು ಸರಿಯುತ್ತರಗಳಿರುವುದರಿಂದ ಎರಡಕ್ಕೂ ಅಂಕ ಕೊಡಬೇಕು.’ ಜೊತೆಗೆ ಯಾವುದಾದರೂ ಒಳ್ಳೆಯ ನಿಘಂಟಿನ ಸಬ್‌ಸೈಡ್ ಪುಟದ ಚಿತ್ರ ಹಚ್ಚು. ಅಲ್ಲಿ ಪ್ರವಾಹದ ಉದಾಹರಣೆ ಬಹುತೇಕ ಸಿಕ್ಕೇ ಸಿಗುತ್ತದೆ.

ಅಕ್ಕನ ಮಗ: ತಿದ್ದಿ ಕಳುಹಿಸಿದೆ.

ಕಾಕಾ: ಮೂರನೇ ಮೆಟ್ಟಿಲೂ ಕಂಡಿತು. ಇನ್ನೂ ರಾಡಿ ಇದೆ, ಚಿತ್ರ ಸಂಜೆ ಹಾಕುತ್ತೇನೆ.