ಕೋಬಾಲ್ಟ್-60 ಗಾಮಾ-ಗಾಮಾ ಪ್ರಯೋಗ: 0.167 ಬರಬೇಕಾದ ಕಡೆ 0.09 ಬರ್ತಿದೆ

ತುಮಕೂರು_ಗಾಮಾ:
ಕೋಬಾಲ್ಟ್-60 ನಿಕಲ್-60 ಆಗುವಾಗ ಬೆನ್ನುಬೆನ್ನಿಗೆ ಎರಡು ಗಾಮಾ ಬರ್ತವೆ; ಅವು ಎರಡು ಡಿಟೆಕ್ಟರ್‌ಗೆ ಒಟ್ಟಿಗೆ ಬೀಳೋದು (ಕೋಇನ್ಸಿಡೆನ್ಸ್) ಡಿಟೆಕ್ಟರ್‌ಗಳ ನಡುವಿನ ಕೋನದ ಜೊತೆ ಹೇಗೆ ಬದಲಾಗುತ್ತೆ ಅಂತ ಅಳೀತಿದ್ದೀನಿ. ಎಂ.ಎಸ್ಸಿ. ಲ್ಯಾಬಿನ ಸೆಟಪ್ ಹೀಗಿದೆ. 2 ಇಂಚಿನ ಸೋಡಿಯಂ ಅಯೋಡೈಡ್ ಡಿಟೆಕ್ಟರ್ ಎರಡು, ಎರಡೂ ಸೋರ್ಸ್‌ನಿಂದ 15 ಸೆಂ.ಮೀ. ದೂರದಲ್ಲಿ. ಸೋರ್ಸ್ 5 ಮೈಕ್ರೋಕ್ಯೂರಿ, ಹೊಸದು. ಕೋಇನ್ಸಿಡೆನ್ಸ್ ಯೂನಿಟ್‌ನ ರಿಸಾಲ್ವಿಂಗ್ ಟೈಮ್ (2ಟಾವ್, ಎರಡು ಸಿಗ್ನಲ್ ಒಟ್ಟಿಗೆ ಬಂದವು ಅಂತ ಎಣಿಸುವ ಕಾಲದ ಕಿಂಡಿ) 1 ಮೈಕ್ರೋಸೆಕೆಂಡ್. ಎರಡೂ ಕಡೆ ಎಣಿಕೆಗೆ ಬರುವ ಶಕ್ತಿಯ ಕೆಳಮಿತಿ 150 ಕೆಇವಿ. ಪ್ರತಿ ಡಿಟೆಕ್ಟರ್‌ನಲ್ಲಿ ಸೆಕೆಂಡಿಗೆ ಸುಮಾರು 1000 ಕೌಂಟ್. 30 ನಿಮಿಷಕ್ಕೆ 90 ಡಿಗ್ರಿಯಲ್ಲಿ 6000, 180ರಲ್ಲಿ 6540 ಕೋಇನ್ಸಿಡೆನ್ಸ್. ಅಂದರೆ 180ರಲ್ಲಿ 90ಕ್ಕಿಂತ ಹೆಚ್ಚಿಗೆ ಬಂದ ಭಾಗ 0.09. ನಿಕಲ್-60ರ 4-2-0 ಸ್ಪಿನ್ ಸರಣಿಗೆ (ಎರಡು ಗಾಮಾ ಹೊರಟಂತೆ ನ್ಯೂಕ್ಲಿಯಸ್‌ನ ಸ್ಪಿನ್ 4ರಿಂದ 2, ಆಮೇಲೆ 0 ಆಗುತ್ತೆ) ಸೂತ್ರ 1 + ಕಾಸ್²/8 + ಕಾಸ್⁴/24, ಅದರ ಪ್ರಕಾರ 0.167 ಬರಬೇಕು. ಡಿಟೆಕ್ಟರ್ ಇನ್ನೂ ದೂರ ಸರಿಸಲೇ?

ಕೋಲಾರದ_ಸೀಸ:
ಸರಿಸಬೇಡಿ. ಅದರಿಂದ ಇದಕ್ಕೆ ಉಪಯೋಗ ಇಲ್ಲ. ನಿಮ್ಮ ಎಣಿಕೆಯಲ್ಲಿ ಆಕಸ್ಮಿಕ ಕೋಇನ್ಸಿಡೆನ್ಸ್ (ಬೇರೆ ಬೇರೆ ನ್ಯೂಕ್ಲಿಯಸ್‌ಗಳ ಗಾಮಾ ಅಕಸ್ಮಾತ್ತಾಗಿ ಒಟ್ಟಿಗೆ ಬಿದ್ದದ್ದು) ಕಳೆದೇ ಇಲ್ಲ. 2ಟಾವ್ ಗುಣಿಸು 1000 ಗುಣಿಸು 1000 ಅಂದರೆ ಸೆಕೆಂಡಿಗೆ 1, ಅರ್ಧ ಗಂಟೆಗೆ 1800! ಎರಡೂ ಕೋನದಲ್ಲಿ ಅಷ್ಟೇ ಕಳೆಯಿರಿ: 4200 ಮತ್ತು 4740, ಅಂದರೆ 0.13, ದೋಷ ಸುಮಾರು 0.03.

ಆಕಸ್ಮಿಕಕ್ಕೂ ನಿಜಕ್ಕೂ ಇರುವ ಅನುಪಾತ ಸೋರ್ಸ್‌ನ ಬಲ ಮತ್ತು 2ಟಾವ್ ಮೇಲೆ ಮಾತ್ರ ನಿಂತಿದೆ, ದೂರದ ಮೇಲಲ್ಲ. ದೂರ ಹೋದರೆ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. 5 ಮೈಕ್ರೋಕ್ಯೂರಿಗೆ ಅದು ಶೇ. 37, 1 ಮೈಕ್ರೋಕ್ಯೂರಿಗೆ ಶೇ. 7ರಷ್ಟು. ಬಲವಾದ ಸೋರ್ಸ್ ಇದ್ದರೆ ಒಳ್ಳೆಯದು ಅಂತ ಎಲ್ಲರೂ ಎಡವುವ ಜಾಗ ಇದೇ. ಲೆಕ್ಕ ಹಾಕಿ ಕಳೆಯುವುದಕ್ಕಿಂತ ಒಂದು ಕಡೆಯ ಸಿಗ್ನಲ್‌ಗೆ 5 ಮೈಕ್ರೋಸೆಕೆಂಡ್ ಡಿಲೇ ಕೊಟ್ಟು ಆಕಸ್ಮಿಕವನ್ನೇ ಎಣಿಸಿಬಿಡಿ; ಯೂನಿಟ್ ಮೇಲೆ ಬರೆದಿರುವ 2ಟಾವ್ ಅನ್ನು ನಂಬಬೇಡಿ.

ನಂದಿಬೆಟ್ಟ_90:
ಕೆಳಮಿತಿ 150 ಅನ್ನುವುದೂ ತಪ್ಪು. 90 ಡಿಗ್ರಿಯಲ್ಲಿಟ್ಟಾಗ ಒಂದು ಡಿಟೆಕ್ಟರ್‌ನಿಂದ ಚದುರಿದ ಗಾಮಾ ಇನ್ನೊಂದಕ್ಕೆ ಹೋಗಲು 135 ಡಿಗ್ರಿ ತಿರುಗಬೇಕು, ಆಗ ಅದರ ಶಕ್ತಿ ಸುಮಾರು 240 ಕೆಇವಿ. ಒಂದೇ ಗಾಮಾ ಎರಡು ಕಡೆ ಎಣಿಕೆಯಾಗಿ 90ರ ಸಂಖ್ಯೆ ಉಬ್ಬುತ್ತದೆ. ಮಿತಿಯನ್ನು 300ರ ಮೇಲಿಡಿ. ಜೊತೆಗೆ ಡಿಟೆಕ್ಟರ್‌ಗಳ ನಡುವೆ 1 ಸೆಂ.ಮೀ. ಸೀಸದ ಹಾಳೆ, ಆದರೆ ಸೋರ್ಸ್‌ನಿಂದ ಡಿಟೆಕ್ಟರ್‌ಗೆ ಹೋಗುವ ದಾರಿಗೆ ಅಡ್ಡ ಬರದಂತೆ. ಕೋಬಾಲ್ಟ್‌ನ ಎರಡು ಗಾಮಾಗಳ 1173 ಮತ್ತು 1332 ಕೆಇವಿ ಶಿಖರಗಳಿಗಷ್ಟೇ ಕಿಂಡಿ ಇಟ್ಟರೆ ಇನ್ನೂ ಶುದ್ಧ, ಆದರೆ ಗಂಟೆಗೆ 500 ಸಿಕ್ಕರೆ ಹೆಚ್ಚು, ರಾತ್ರಿಯಿಡೀ ಬಿಡಬೇಕಾಗುತ್ತೆ.

ಇನ್ನೊಂದು: 15 ಸೆಂ.ಮೀ.ನಲ್ಲಿ ಡಿಟೆಕ್ಟರ್‌ನ ಅಗಲದಿಂದಲೇ 0.167 ಇಳಿದು 0.16 ಆಗುತ್ತದೆ. 5 ಸೆಂ.ಮೀ.ಗೆ ತಂದರೆ 0.115. ಹಾಗಾಗಿ ಹತ್ತಿರ ತಂದು ಕೌಂಟ್ ಏರಿಸುವ ಯೋಚನೆಯೂ ಬೇಡ.

ತುಮಕೂರು_ಗಾಮಾ:
ಡಿಲೇ ಕೊಟ್ಟು ನೋಡ್ತೀನಿ ಸರ್. ತಿರುಗುವ ಡಿಟೆಕ್ಟರ್‌ನ ಒಂಟಿ ಎಣಿಕೆ ಕೋನದ ಜೊತೆ ಶೇ. 4ರಷ್ಟು ಬದಲಾಗ್ತಿದೆ, ಅದು ಸರೀನಾ?

ಕೋಲಾರದ_ಸೀಸ:
ಶೇ. 1ರೊಳಗಿರಬೇಕು. 15 ಸೆಂ.ಮೀ.ನಲ್ಲಿ ಸೋರ್ಸ್ 3 ಮಿ.ಮೀ. ಪಕ್ಕಕ್ಕಿದ್ದರೂ ಸಾಕು, ಆ ದಿಕ್ಕಿನ ಎಣಿಕೆ ಶೇ. 4 ಏರುತ್ತದೆ. ಸೋರ್ಸ್ ಸರಿಪಡಿಸಿದ ಮೇಲೂ ಉಳಿದರೆ ಶಿಖರದ ಚಾನೆಲ್ (ಸ್ಪೆಕ್ಟ್ರಮ್‌ನಲ್ಲಿ ಅದರ ಜಾಗ) ನೋಡಿ. ಅದೂ ಕೋನದ ಜೊತೆ ಸರಿಯುತ್ತಿದ್ದರೆ ಭೂಮಿಯ ಕಾಂತಕ್ಷೇತ್ರ ಫೋಟೋಮಲ್ಟಿಪ್ಲೈಯರ್‌ನ (ಡಿಟೆಕ್ಟರ್‌ನ ಬೆಳಕನ್ನು ಸಿಗ್ನಲ್ ಮಾಡುವ ಟ್ಯೂಬ್) ಗೇನ್, ಅಂದರೆ ವರ್ಧನೆ, ಬದಲಿಸುತ್ತಿದೆ ಅಂತ, ಮ್ಯೂ-ಮೆಟಲ್ ಕವಚ ಬೇಕು. ಗೇನ್ ಬಿಸಿಲಿಗೂ ಸರಿಯುತ್ತದೆ, ನಮ್ಮ ಕಡೆ ಏಪ್ರಿಲ್‌ನಲ್ಲಿ ಕೇಳಲೇಬೇಡಿ. ಅದಕ್ಕೇ 90 ಎಲ್ಲ ಮುಗಿಸಿ ಆಮೇಲೆ 180 ಅಂತ ಮಾಡದೆ, ಅರ್ಧರ್ಧ ಗಂಟೆಗೆ 90, 135, 180 ಸುತ್ತಿಸಿ. 135ರಲ್ಲಿ 90ರ 1.073ರಷ್ಟು ಬರಬೇಕು. ಕೋನಕ್ಕೆ 10,000 ನಿಜ ಎಣಿಕೆ ಆಗುವವರೆಗೆ.

ನಂದಿಬೆಟ್ಟ_90:
ರೆಕಾರ್ಡ್‌ನಲ್ಲಿ ಬರೆಯುವಾಗ, '4-2-0 ಸಾಬೀತಾಯಿತು' ಅನ್ನಬೇಡಿ. 0-2-0 ಆಗಿದ್ದರೆ 180ರಲ್ಲಿ 90ರ ಎರಡರಷ್ಟು ಬರಬೇಕಿತ್ತು, ಅದು ಅಲ್ಲ ಅಂತ ಧೈರ್ಯವಾಗಿ ಬರೆಯಬಹುದು.