ಜಪಾನ್, ಇಟಲಿ ಸೈನ್ಯಗಳ ಕಥೆ ಮಕ್ಕಳಿಗೆ ಹೇಗೆ ಹೇಳಲಿ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮುಂದಿನ ತಿಂಗಳು ನಮ್ಮ ಇತಿಹಾಸ ಸಂಘದಲ್ಲಿ ಎರಡನೇ ಮಹಾಯುದ್ಧದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಬೇಕು. ಜರ್ಮನಿ ಬಗ್ಗೆ ಮಕ್ಕಳು ಈಗಾಗಲೇ ಕೇಳಿದ್ದಾರೆ. ಅದಕ್ಕೆ ಜಪಾನ್ ಮತ್ತು ಇಟಲಿಯ ಭೂಸೇನೆ ಆರಿಸಿಕೊಂಡೆ. ಆದರೆ ಎಲ್ಲಿ ಓದಿದರೂ ಅದೇ ಮಾತು. ಜಪಾನಿನವರು ಸಾವಿಗೆ ಹೆದರದವರು, ಇಟಲಿಯವರು ಬೇಗ ಕೈ ಎತ್ತಿದವರು, ಇಬ್ಬರ ಟ್ಯಾಂಕೂ ತಗಡಿನ ಡಬ್ಬಿ. ಇಷ್ಟನ್ನೇ ಹೇಳಿ ಬರಲು ನನಗೆ ಮನಸ್ಸಿಲ್ಲ. ಸೈನ್ಯದಲ್ಲಿದ್ದವರು, ಆ ಜಾಗ ನೋಡಿದವರು, ಮಾಡೆಲ್ ಮಾಡುವವರು ಯಾರಾದರೂ ಇದ್ದರೆ ಹೇಳಿ, ಎಲ್ಲಿಂದ ಶುರು ಮಾಡಲಿ?

ಮೊದಲ ಉತ್ತರ, ನಿವೃತ್ತ ಸೈನಿಕರಿಂದ

ನಮಸ್ಕಾರ ಮೇಡಂ. ನಾನು ಸೈನ್ಯದಲ್ಲಿ ಹೇಸರಗತ್ತೆಗಳ ಜೊತೆ ಕೆಲಸ ಮಾಡಿದವನು. ನಾಗಾಲ್ಯಾಂಡಿನಲ್ಲೂ ಕೆಲವು ವರ್ಷ ಇದ್ದೆ. ನನ್ನ ಸಲಹೆ ಇಷ್ಟೇ, ಟ್ಯಾಂಕಿನಿಂದ ಶುರು ಮಾಡಬೇಡಿ, ಹೊರೆಯಿಂದ ಶುರು ಮಾಡಿ.

ಬೆಟ್ಟದಲ್ಲಿ ಯಾವ ಆಯುಧ ಕಂಡರೂ ನಮಗೆ ಮೊದಲು ಬರುತ್ತಿದ್ದ ಪ್ರಶ್ನೆ, ಇದನ್ನು ಯಾರು ಹೊರುತ್ತಾರೆ? ಹೇಸರಗತ್ತೆಯ ಎರಡೂ ಮಗ್ಗುಲಿನ ಹೊರೆ ಸಮ ಇರಬೇಕು. ಒಂದು ಕಡೆ ಸ್ವಲ್ಪ ಜಾಸ್ತಿ ಆದರೂ ಜೀನು ಜಾರುತ್ತದೆ, ಸಂಜೆಯೊಳಗೆ ಬೆನ್ನು ಹುಣ್ಣಾಗುತ್ತದೆ. ಹುಣ್ಣಾದ ಪ್ರಾಣಿ ಎಷ್ಟೋ ದಿನ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಆ ಹೊರೆ ನಮ್ಮ ಹೆಗಲಿಗೆ. ಮಳೆ ಬಂದರಂತೂ ಆ ಕೆಂಪು ಮಣ್ಣಿನಲ್ಲಿ ಒಂದು ಹೆಜ್ಜೆ ಮೇಲೆ, ಅರ್ಧ ಹೆಜ್ಜೆ ಕೆಳಗೆ.

ಈಗ ಜಪಾನಿನ ಫಿರಂಗಿ ನೋಡಿ. ಅವರ ಟೈಪ್ 94 ಬೆಟ್ಟದ ಫಿರಂಗಿ 75 ಮಿಲಿಮೀಟರಿನದು, ಸುಮಾರು 536 ಕೆಜಿ ತೂಕ. ಅದನ್ನು 11 ಭಾಗವಾಗಿ ಬಿಚ್ಚಿ 6 ಕುದುರೆಗಳ ಮೇಲೆ ಹೇರಬಹುದಿತ್ತು. ಕುದುರೆ ಹೋಗದ ಕಡೆ ಆಳುಗಳೇ ಹೊರುತ್ತಿದ್ದರು. ಇನ್ನೊಂದು ಚಿಕ್ಕ ಗ್ರೆನೇಡ್ ಉಡಾಯಿಸುವ ಕೊಳವೆ, 5 ಕೆಜಿಗಿಂತ ಕಡಿಮೆ. ಒಬ್ಬನೇ ಹೊತ್ತು ಓಡಬಹುದು. ಅಮೆರಿಕದವರು ಅದನ್ನು ತೊಡೆಯ ಮೇಲಿಟ್ಟು ಹೊಡೆಯುತ್ತಾರೆ ಅಂದುಕೊಂಡಿದ್ದರು. ಹಾಗೆ ಮಾಡಿದವನ ಮೂಳೆ ಮುರಿಯುತ್ತದೆ. ಅದನ್ನು ನೆಲಕ್ಕೆ ಊರಿಯೇ ಹೊಡೆಯಬೇಕು.

ಈ ಹಗುರತನದಿಂದಲೇ 1944ರ ಮಾರ್ಚಿನಲ್ಲಿ ಅವರು ಬರ್ಮಾದ ಚಿಂದ್ವಿನ್ ನದಿ ದಾಟಿ ಇಂಫಾಲ್, ಕೊಹಿಮಾ ಕಡೆ ಬಂದರು. ಆ ಬೆಟ್ಟಗಳಲ್ಲಿ ಕೊಹಿಮಾಕ್ಕೆ ಹೆಚ್ಚೆಂದರೆ ಒಂದು ರೆಜಿಮೆಂಟ್ ಬರಬಹುದು ಅಂತ ಬ್ರಿಟಿಷರ ಲೆಕ್ಕ. ಬಂದದ್ದು ಇಡೀ 31ನೇ ಡಿವಿಷನ್, ಅಂದರೆ ಮೂರು ರೆಜಿಮೆಂಟ್. ಆದರೆ ಅವರ ಕೈಯಲ್ಲಿದ್ದ ಊಟ ಸುಮಾರು ಮೂರು ವಾರದ್ದು. ಜೊತೆಗೆ ದನಗಳನ್ನು ಹೊಡೆದುಕೊಂಡು ಬಂದಿದ್ದರು, ಹೊರೆಗೂ ಆಗುತ್ತದೆ, ಊಟಕ್ಕೂ ಆಗುತ್ತದೆ ಅಂತ. ದಾರಿಯಲ್ಲೇ ಎಷ್ಟೋ ದನ ಸತ್ತವು. ಬ್ರಿಟಿಷರ ಉಗ್ರಾಣ ಹಿಡಿದು ತಿನ್ನಬಹುದು ಅನ್ನುವ ಆಸೆ ಕೈಗೂಡಲಿಲ್ಲ. ಆಮೇಲೆ ಮಳೆ ಹಿಡಿಯಿತು. ಮೇ ಕೊನೆಗೆ ಆ ಡಿವಿಷನ್ನಿನ ಜನರಲ್ ಸಾಟೊ ಮೇಲಿನವರ ಅಪ್ಪಣೆ ಮೀರಿ ತನ್ನವರನ್ನು ಹಿಂದಕ್ಕೆ ಕರೆದುಕೊಂಡು ಹೋದ. ಇಂಫಾಲ್, ಕೊಹಿಮಾಕ್ಕೆ ಹೊರಟ ಸುಮಾರು 85,000 ಜನರಲ್ಲಿ ಹತ್ತಿರಹತ್ತಿರ 30,000 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಹಸಿವು, ಕಾಯಿಲೆ.

ಅದೇ ಬೆಟ್ಟಕ್ಕೆ ಬ್ರಿಟಿಷರು ಲೀ ಟ್ಯಾಂಕುಗಳನ್ನು ಹತ್ತಿಸಿದರು. ಕೊಹಿಮಾದಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳಕ್ಕೇ ಒಂದನ್ನು ಇಳಿಸಿ ಹತ್ತಿರದಿಂದ ಹೊಡೆದರು. ಆ ಅಂಗಳದ ಬಿಳಿ ಗೆರೆಗಳು ಈಗ ಸಮಾಧಿಗಳ ನಡುವೆ ಇವೆ. ನಾನು ಅಲ್ಲಿ ನಿಂತಿದ್ದೇನೆ. ಎಷ್ಟು ಚಿಕ್ಕ ಜಾಗ ಅಂತೀರಿ! ಎರಡೂ ಸೈನ್ಯ ಅದರ ಆ ಬದಿ, ಈ ಬದಿ ಕೂತಿದ್ದವು.

ಎರಡನೇ ಉತ್ತರ, ಮಾಡೆಲ್ ಮಾಡುವವರಿಂದ

ಮೇಡಂ, ಮೇಲಿನ ಸರ್ ಹೇಳಿದ್ದು ಸರಿ. ಆದರೆ ಮಕ್ಕಳು ಟ್ಯಾಂಕು ಕೇಳೇ ಕೇಳುತ್ತಾರೆ, ತಯಾರಾಗಿರಿ.

ನಾನು ಜಪಾನಿನ ಹಾ-ಗೊ, ಇಟಲಿಯ ಎಂ 13/40 ಎರಡನ್ನೂ ಮಾಡಿದ್ದೇನೆ. ಒಂದು ಅಡಿಪಟ್ಟಿ ತಗೊಂಡು 12 ಮಿಲಿಮೀಟರ್ ನೋಡಿ, ಕಿರುಬೆರಳಿನ ಅಗಲ. ಹಾ-ಗೊ ಟ್ಯಾಂಕಿನ ಅತಿ ದಪ್ಪ ಉಕ್ಕು ಅಷ್ಟೇ. ಇಡೀ ಟ್ಯಾಂಕು ಏಳೂವರೆ ಟನ್ನಿನ ಒಳಗೆ. ತಗಡಿನ ಡಬ್ಬಿ ಅನ್ನುವುದು ಸುಲಭ. ಅದನ್ನು ಹಡಗಿನಿಂದ ಇಳಿಸಬೇಕು, ಮರದ ಸೇತುವೆ ದಾಟಿಸಬೇಕು, ಅದಕ್ಕೇ ಅಷ್ಟು ಹಗುರ. ಮಲಯಾದಲ್ಲಿ ಬ್ರಿಟಿಷರ ಬಳಿ ಒಂದೂ ಟ್ಯಾಂಕಿರಲಿಲ್ಲ. 1942ರ ಜನವರಿ 7ರಂದು ಸ್ಲಿಮ್ ನದಿಯ ಹತ್ತಿರ ಕೆಲವೇ ಜಪಾನಿ ಟ್ಯಾಂಕುಗಳು ರಬ್ಬರ್ ತೋಟಗಳ ನಡುವಿನ ಒಂದೇ ರಸ್ತೆ ಹಿಡಿದು ಭಾರತದ ಮತ್ತು ಬ್ರಿಟನ್ನಿನ ತುಕಡಿಗಳನ್ನು ಸೀಳಿಕೊಂಡು ಹೋದವು. ಹಿಂದೆ ಸೈಕಲ್ ಮೇಲೆ ಕಾಲಾಳುಗಳು. ಟೈರು ಹೋದರೆ ಬರೀ ರಿಮ್ಮಿನ ಮೇಲೇ ತುಳಿಯುತ್ತಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ನ್ಯೂಗಿನಿಯ ಮಿಲ್ನ್ ಕೊಲ್ಲಿಯಲ್ಲಿ ಎರಡು ಹಾ-ಗೊ ಕೆಸರಿನಲ್ಲಿ ಹೂತವು, ಬಿಟ್ಟು ಹೋದರು.

ಎಂ 13/40ರಲ್ಲಿ ನನ್ನ ಕಣ್ಣು ನೋಯಿಸಿದ್ದು ರಿವೆಟ್ಟುಗಳು. ನೂರಾರು ಚುಕ್ಕೆ, ಚಿಮಟದಲ್ಲಿ ಒಂದೊಂದೇ ಕೂರಿಸಬೇಕು. ನಿಜವಾದ ಟ್ಯಾಂಕಿನ ಉಕ್ಕಿನ ಹಲಗೆಗಳನ್ನು ಜೋಡಿಸಿದ್ದೂ ಹೀಗೇ. ಗುಂಡು ಬಡಿದಾಗ ರಿವೆಟ್ ಕಿತ್ತು ಒಳಗಿದ್ದವರಿಗೇ ಹೊಡೆಯುತ್ತಿತ್ತು. ಸುಮಾರು 14 ಟನ್ ತೂಕಕ್ಕೆ 125 ಕುದುರೆಶಕ್ತಿಯ ಎಂಜಿನ್. ಮೊದಮೊದಲು ಬಹುಪಾಲು ಟ್ಯಾಂಕುಗಳಲ್ಲಿ ರೇಡಿಯೋ ಇರಲಿಲ್ಲ. ಬಯಲಿನಲ್ಲಿ ಧೂಳೆದ್ದಾಗ ಪಕ್ಕದ ಟ್ಯಾಂಕಿಗೆ ಏನು ಹೇಳುವುದು, ಹೇಗೆ ಹೇಳುವುದು? ಅದರೊಳಗೆ ಕೂತ ಆ ನಾಲ್ಕು ಹುಡುಗರನ್ನು ನೆನೆದರೆ ಸಂಕಟವಾಗುತ್ತದೆ.

ಇನ್ನೊಂದು ಹೋಲಿಕೆ. ಇಟಲಿಯ ಬ್ರೆಡಾ 30 ಮೆಷಿನ್‌ಗನ್, ಜಪಾನಿನ ಟೈಪ್ 92 ಮೆಷಿನ್‌ಗನ್, ಎರಡಕ್ಕೂ ತೋಟಾಗಳಿಗೆ ಎಣ್ಣೆ ಸವರಬೇಕಿತ್ತು. ಲಿಬಿಯಾದ ಮರಳಲ್ಲಿ ಎಣ್ಣೆ ಅಂದರೆ ಏನಾಗುತ್ತದೆ ಅಂತ ಮಕ್ಕಳೇ ಹೇಳುತ್ತಾರೆ.

ಮೂರನೇ ಉತ್ತರ

ಕೆಲಸದ ಮೇಲೆ ಅಲೆಕ್ಸಾಂಡ್ರಿಯಾದಲ್ಲಿದ್ದಾಗ ಈಜಿಪ್ಟಿನ ಎಲ್ ಅಲಮೈನ್ ಯುದ್ಧಭೂಮಿ ನೋಡಿ ಬಂದೆ. ಮೆತ್ತಗಿನ ಮರಳು ದಿಬ್ಬ ಇರುತ್ತದೆ ಅಂದುಕೊಂಡಿದ್ದೆ. ನೆಲ ಒದ್ದರೆ ಕಾಲು ನೋಯುತ್ತದೆ, ಮೇಲೆ ಧೂಳು, ಕೆಳಗೆ ಕಲ್ಲು. ಇಟಲಿಯವರ 47 ಮಿಲಿಮೀಟರ್ ಫಿರಂಗಿ ಬೆಟ್ಟಕ್ಕೆ ಹೊತ್ತೊಯ್ಯಲು ಆಗುವಂತೆ ಮಾಡಿದ್ದು. ಹಗುರ, ಮುಂದೆ ಗುರಾಣಿ ಕೂಡ ಇಲ್ಲ. ಬಂಡೆಯ ಮರೆ ಇದ್ದರೆ ಸರಿ. ಇಲ್ಲಿ ಮರೆ ಎಲ್ಲಿ? ಪ್ಯಾರಾಶೂಟ್ ಪಡೆಯಾದ ಫೋಲ್ಗೊರೆ ಡಿವಿಷನ್ ಇಲ್ಲಿ ಬರೀ ಕಾಲಾಳುಗಳಾಗಿ ಗಟ್ಟಿಯಾಗಿ ಕಾದಿತು. 1942ರ ನವೆಂಬರಿನಲ್ಲಿ ಹಿಂದೆ ಸರಿಯುವಾಗ ಇಟಲಿಯ ಕಾಲಾಳುಗಳಿಗೆ ಲಾರಿ ಸಿಗಲಿಲ್ಲ. ನಡೆದರು, ನೀರಿಲ್ಲದೆ ಸಿಕ್ಕಿಬಿದ್ದರು.

ಆಲ್ಪಿನಿ ಪಡೆಯನ್ನೂ ಬಿಡಬೇಡಿ. 1872ರಲ್ಲಿ ಆಲ್ಪ್ಸ್ ಬೆಟ್ಟ ಕಾಯಲೆಂದೇ ಕಟ್ಟಿದ ಸೈನ್ಯ ಅದು. ಆ ಪಡೆಯ ಮೂರು ಡಿವಿಷನ್‌ಗಳನ್ನು 1942ರಲ್ಲಿ ಕಾಕಸಸ್ ಬೆಟ್ಟಕ್ಕೆ ಅಂತ ಹೊರಡಿಸಿ, ಕೊನೆಗೆ ರಷ್ಯಾದ ಡಾನ್ ನದಿಯ ಬಯಲಲ್ಲಿ ನಿಲ್ಲಿಸಿದರು. ಹೇಸರಗತ್ತೆ, ಹಗ್ಗ, ಬೆಟ್ಟದ ಬೂಟು ಸಮೇತ. 1943ರ ಜನವರಿಯಲ್ಲಿ ಹಿಮದಲ್ಲಿ ಕಾಲ್ನಡಿಗೆಯಲ್ಲೇ ವಾಪಸ್ ಹೊರಟರು.

ನಾಲ್ಕನೇ ಉತ್ತರ

ಮೇಡಂ, ನಾನೂ ಮೇಷ್ಟ್ರೇ. ಎರಡು ವರ್ಷ ಇದೇ ಪಾಠ ಮಾಡಿದ್ದೇನೆ. ಮೊದಲ ಸಲ ಪಟ್ಟಿ ಓದಿದೆ, ಮಕ್ಕಳು ಆಕಳಿಸಿದರು. ಎರಡನೇ ಸಲ ಬೋರ್ಡಿನ ಮೇಲೆ ಒಂದೇ ತಿಂಗಳು ಬರೆದೆ: ಫೆಬ್ರವರಿ 1941.

ಆ ತಿಂಗಳ 7ರಂದು ಲಿಬಿಯಾದ ಬೇಡಾ ಫೊಮ್‌ನಲ್ಲಿ ಇಟಲಿಯ 10ನೇ ಸೈನ್ಯದಲ್ಲಿ ಉಳಿದಿದ್ದವರು ಶರಣಾದರು. ಡಿಸೆಂಬರಿನಿಂದ ಎಣಿಸಿದರೆ ಸುಮಾರು 1,30,000 ಜನ ಸೆರೆ. ಅದೇ ವಾರ ಎರಿಟ್ರಿಯಾದ ಕೆರೆನ್ ಎಂಬ ಬೆಟ್ಟದೂರಿನ ಕಣಿವೆಯಲ್ಲಿ ಅದೇ ಇಟಲಿ ಸೈನ್ಯ, ಅಸ್ಕಾರಿ ಅನ್ನುವ ಎರಿಟ್ರಿಯಾದ ಸ್ಥಳೀಯ ಸೈನಿಕರ ಜೊತೆ, ನಮ್ಮ 4ನೇ ಭಾರತೀಯ ಡಿವಿಷನ್ನನ್ನು ತಡೆದು ನಿಲ್ಲಿಸಿತ್ತು. 5ನೇ ಭಾರತೀಯ ಡಿವಿಷನ್ನೂ ಬಂದು ಸೇರಬೇಕಾಯಿತು. ಕೆರೆನ್ ಬಿದ್ದದ್ದು ಮಾರ್ಚ್ 27ಕ್ಕೆ. ನಮ್ಮ 4ನೇ ಡಿವಿಷನ್ನಿನ ಜವಾನರು ಡಿಸೆಂಬರಿನಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಇಟಲಿಯವರನ್ನು ಮೂರೇ ದಿನಕ್ಕೆ ಸೋಲಿಸಿ ಬಂದವರು! ಕೆರೆನ್‌ನಲ್ಲಿ ಕಲ್ಲುಬಂಡೆ ಹತ್ತುವಾಗ ಮೇಲಿಂದ ಗ್ರೆನೇಡ್ ಉರುಳುತ್ತಿತ್ತು. ಒಬ್ಬ ಹುಡುಗಿ ಎದ್ದು, "ಹಾಗಾದ್ರೆ ಅವರು ಹೇಡಿಗಳಲ್ವಾ ಸರ್?" ಅಂತ ಕೇಳಿದಳು. ನನಗೆ ಅಷ್ಟು ಖುಷಿ ಬೇರೆ ಯಾವ ಪಾಠದಲ್ಲೂ ಆಗಿಲ್ಲ.

ಜಪಾನಿಗೂ ಇಂಥ ಜೋಡಿ ಇದೆ. 1939ರ ಆಗಸ್ಟಿನಲ್ಲಿ ಮಂಗೋಲಿಯಾ ಗಡಿಯ ನೊಮೊನ್‌ಹಾನ್ ಹುಲ್ಲುಗಾವಲಿನಲ್ಲಿ ಸೋವಿಯತ್ ಜನರಲ್ ಝುಕೋವ್‌ನ ಟ್ಯಾಂಕುಗಳು ಅವರ 23ನೇ ಡಿವಿಷನ್ನನ್ನು ಸುತ್ತುವರಿದು ಮುಗಿಸಿದವು. ಜಪಾನಿನ ಹುಡುಗರು ಬಾಟಲಿಯಲ್ಲಿ ಪೆಟ್ರೋಲ್ ತುಂಬಿಕೊಂಡು ಟ್ಯಾಂಕಿನ ಮೇಲೆ ಓಡಿದರು. ಇನ್ನೆರಡೂವರೆ ವರ್ಷಕ್ಕೆ ಮಲಯಾ, ಸಿಂಗಾಪುರ ಅವರ ಕೈಯಲ್ಲಿ.

ಒಂದು ಎಚ್ಚರ. ಬೆಟ್ಟದಲ್ಲಿ ನಿಂತರು, ಬಯಲಲ್ಲಿ ಸೋತರು ಅಂತ ಎಲ್ಲವನ್ನೂ ನೆಲದ ತಲೆಗೆ ಕಟ್ಟಬೇಡಿ. ಇಟಲಿಯ ಕಾರ್ಖಾನೆಗಳು ಚಿಕ್ಕವು, ಉಕ್ಕು, ಎಣ್ಣೆ ಹೊರಗಿಂದ ಬರಬೇಕು. ಜಪಾನಿನಲ್ಲಿ ಉಕ್ಕಿಗೆ ಮೊದಲ ಹಕ್ಕು ಹಡಗು, ವಿಮಾನಗಳದು. ಇನ್ನು ಬೆಂಗಳೂರಿನ ಹತ್ತಿರದವರಾದರೆ, ಜಾಲಹಳ್ಳಿ ಕಡೆ ಇಟಲಿಯ ಯುದ್ಧಕೈದಿಗಳ ಶಿಬಿರ ಇದ್ದದ್ದನ್ನು ಖಂಡಿತ ಹೇಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೆಬ್ರವರಿ 1941 ಹಿಡಿದೇ ಮಾಡುತ್ತೇನೆ. ಮಕ್ಕಳು ಕೈಯಲ್ಲಿ ಮುಟ್ಟಿ ನೋಡುವಂಥದ್ದು ಏನಾದರೂ ಇದೆಯಾ?

ನಿವೃತ್ತ ಸೈನಿಕರಿಂದ

ಇದೆ ಮೇಡಂ. ಆ ಬೆಟ್ಟದ ಫಿರಂಗಿ 536 ಕೆಜಿ, ಭಾಗ 11. ಎಲ್ಲ ಒಂದೇ ತೂಕದವಲ್ಲ, ಆದರೆ ಸರಾಸರಿ ಹಿಡಿದರೆ ಒಂದೊಂದೂ ಹೆಚ್ಚುಕಡಿಮೆ ಒಂದು ಸಿಮೆಂಟು ಮೂಟೆ. ಒಂದು ಮೂಟೆ ತರಿಸಿ ಮೆಟ್ಟಿಲ ಬುಡದಲ್ಲಿಡಿ. ಒಬ್ಬರ ಬೆನ್ನಿಗೆ ಕೊಡಬೇಡಿ, ದೊಡ್ಡ ಮಕ್ಕಳು ನಾಲ್ಕು ಜನ ಸೇರಿ ಮೊದಲ ಮಹಡಿವರೆಗೆ ತರಲಿ. ಆಮೇಲೆ ಕೊಹಿಮಾದ ಫೋಟೋ ತೋರಿಸಿ.