ಚಂದ್ರನ ಮೇಲೆ ಹೆಬ್ಬೆಟ್ಟು

ಸೀನ ಮರದ ಹಲಗೆಯ ಮೇಲೆ ಬೆಳದಿಂಗಳ ಕೊಳ ಮಾಡಲು ಹೊರಟಿದ್ದ. ಕೆಳಗೆ ಅಕ್ರಿಲಿಕ್ ಬಣ್ಣ, ಅದರ ಮೇಲೆ ಒಣಗಿದ ಎಲೆ, ಪೇಪರಿನಿಂದ ಕತ್ತರಿಸಿದ ಚಂದ್ರ, ಎಲ್ಲದರ ಮೇಲೆ ಎಪಾಕ್ಸಿ ರೆಸಿನ್, ಅಂದರೆ ಗಟ್ಟಿಯಾದರೆ ಗಾಜಿನಂತೆ ಕಾಣುವ ಅಂಟುದ್ರವ. ನಾವು ಮೂವರು ನೋಡಲು ಹೋದರೆ ಚಂದ್ರನ ಪಕ್ಕದಲ್ಲೇ ದೊಡ್ಡದೊಂದು ಹೆಬ್ಬೆಟ್ಟಿನ ಗುರುತು!

"ಸಹಿ ಹಾಕೋಕೆ ಬರಲ್ವಾ ಮಾರಾಯ?" ಎಂದ ಗೋಪಿ.

"ಒಣಗಿದೆಯಾ ಅಂತ ಮುಟ್ಟಿ ನೋಡ್ದೆ ಕಣೋ. ಹುಯ್ದು 3 ದಿನ ಆಯ್ತು. ಇನ್ನೂ ಹಲಸಿನ ಮೇಣದ ಹಾಗೆ ಅಂಟುತ್ತೆ."

ಪದ್ದಿಗೆ ಈ ಕೆಲಸ ಹಳೇದು. "ಹಾರ್ಡನರ್ ಎಷ್ಟು ಹಾಕಿದೆ?" ಎಂದು ಕೇಳಿದಳು. ರೆಸಿನ್ನಿಗೆ ಬೆರೆಸಿ ಅದನ್ನು ಗಟ್ಟಿ ಮಾಡುವ ದ್ರವ ಅದು.

ಸೀನ ಫ್ಯಾನ್ ನೋಡಿದ. "ಬೇಗ ಗಟ್ಟಿಯಾಗಲಿ ಅಂತ... ಒಂಚೂರು ಜಾಸ್ತಿ."

"ಇದೇನು ಹಾಲಿಗೆ ಹೆಪ್ಪು ಹಾಕೋದಾ? ಬಾಟಲಿ ಮೇಲೆ 1:1 ಅಂತಿದ್ರೆ 1:1, 2:1 ಅಂತಿದ್ರೆ 2:1. ರೆಸಿನ್ನಿಗೂ ಹಾರ್ಡನರಿಗೂ ಲೆಕ್ಕವಾಗಿ ಜೋಡಿ ಆಗಬೇಕು. ಹೆಚ್ಚಾದದ್ದಕ್ಕೆ ಜೋಡಿ ಸಿಗಲ್ಲ. ಹಾಗೇ ಅಂಟಂಟಾಗಿ ಉಳಿದುಬಿಡುತ್ತೆ."

"ನನ್ನ ಥರ," ಎಂದ ಗೋಪಿ. ಅವನಿಗೆ ಹೆಣ್ಣು ನೋಡಲು ಶುರು ಮಾಡಿ ಬಹಳ ಕಾಲವಾಗಿದೆ.

ನಾನು ಬಗ್ಗಿ ನೋಡಿದೆ. ಎಲೆಯ ಅಂಚಿನ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಕೂತಿದ್ದವು. ಒಣ ಎಲೆ, ಮರ ಎರಡರ ಒಳಗೂ ಗಾಳಿ ಇರುತ್ತದೆಯಂತೆ. ಮೊದಲೇ ತೆಳ್ಳಗೆ ಒಂದು ಕೋಟ್ ಸವರಿ ರಂಧ್ರ ಮುಚ್ಚದಿದ್ದರೆ ಆ ಗಾಳಿ ರೆಸಿನ್ನಿನೊಳಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಮೇಲಿನ ಗುಳ್ಳೆಯನ್ನು ಹಸಿಯಿದ್ದಾಗಲೇ ಗ್ಯಾಸ್ ಟಾರ್ಚಿನ ಬೆಂಕಿ ತೋರಿಸಿ ಒಡೆಯಬಹುದು. ಒಳಗಿನದು ಅಲ್ಲೇ ಸಂಸಾರ ಹೂಡುತ್ತದೆ.

ಆದರೆ ನನ್ನ ಕಣ್ಣು ನೆಟ್ಟಿದ್ದು ಚಂದ್ರನ ಮೇಲೆ. "ಸೀನ, ಚಂದ್ರನಲ್ಲಿ ಏನೋ ಬರೆದಿದೆ ಕಣೋ. ತಿರುಗುಮುರುಗಾಗಿದೆ."

ಗೋಪಿ ಕನ್ನಡಿ ತಂದು ಹಿಡಿದ. ಓದಿದೆವು: "ಮನೆ ಬಾಡಿಗೆಗಿದೆ."

ಪೇಪರಿನ ಹಿಂಬದಿಯ ಜಾಹೀರಾತು! ರೆಸಿನ್ ಕುಡಿದ ಕಾಗದ ಎಣ್ಣೆ ಹತ್ತಿದ ಹಾಗೆ ಪಾರದರ್ಶಕವಾಗುತ್ತದೆ. ಎರಡೂ ಕಡೆ ಅಂಟು ಸವರಿ ಒಣಗಿಸಿದ್ದರೆ ಚಂದ್ರನ ಮಾನ ಉಳಿಯುತ್ತಿತ್ತು.

"ಮಿಕ್ಕಿದ ರೆಸಿನ್ ಎಲ್ಲೋ?" ಎಂದಳು ಪದ್ದಿ.

"ಅದೊಂದು ಕತೆ. ಕಪ್ಪಿನಲ್ಲೇ ಬಿಟ್ಟು ಫೋನ್ ಮಾತಾಡೋಕೆ ಹೋದೆ. ಬಂದು ನೋಡಿದ್ರೆ ಹೊಗೆ!"

"ಮತ್ತೇನಾಗುತ್ತೆ? ಗಟ್ಟಿಯಾಗೋವಾಗ ಅದು ಬಿಸಿಯಾಗುತ್ತೆ. ಕಪ್ಪಿನಲ್ಲಿ ಒಂದೇ ಕಡೆ ತುಂಬಿಕೊಂಡಿದ್ರೆ ಬಿಸಿ ಹೋಗೋದೆಲ್ಲಿ? ಹಲಗೆ ಮೇಲೂ ಒಂದು ಸಲಕ್ಕೆ 3 ಮಿಲಿಮೀಟರ್ ಸಾಕು. ಜಪಾನಿನ ರಿಯುಸುಕೆ ಫುಕಾಹೊರಿ ಗೊತ್ತಲ್ವಾ? ಒಂದು ಪದರ ರೆಸಿನ್ ಹುಯ್ದು, ಅದು ಗಟ್ಟಿಯಾದ ಮೇಲೆ ಗೋಲ್ಡ್‌ಫಿಶ್‌ನ ಸ್ವಲ್ಪ ಭಾಗ ಅಕ್ರಿಲಿಕ್‌ನಲ್ಲಿ ಬರೀತಾರೆ. ಮೇಲೆ ಮತ್ತೆ ರೆಸಿನ್, ಮತ್ತೆ ಸ್ವಲ್ಪ ಮೀನು. ಮುಗಿಯೋ ಹೊತ್ತಿಗೆ ಜೀವಂತ ಮೀನೇ ಈಜಿದ ಹಾಗೆ ಕಾಣುತ್ತೆ."

"ಮಧ್ಯೆ ಮಧ್ಯೆ ಅವರೂ ಬೆರಳಿಟ್ಟು ನೋಡ್ತಾರಾ?" ಎಂದ ಗೋಪಿ. ಸೀನ ಅವನತ್ತ ಬ್ರಷ್ ಎಸೆದ.

ಕಿಟಕಿ ತೆರೆದು, ಗ್ಲೌಸು, ಮಾಸ್ಕು ಹಾಕಿಕೊಂಡು ಅಂಟು ಪದರ ಕೆರೆದೆವು. ಚಂದ್ರ ಅದರ ಜೊತೆಗೇ ಎದ್ದು ಬಂದ. ಬೇರೆ ಬಿಳಿ ಕಾಗದದ ಚಂದ್ರನನ್ನು ಕೂರಿಸಿದೆವು. ಪದ್ದಿ ಅಳೆದಳು, ಸೀನ ಕಪ್ಪಿನ ತಳ, ಅಂಚು ಎಲ್ಲ ಕೆರೆಯುತ್ತಾ ನಿಧಾನ ಕಲಸಿದ. ರಸಮಟ್ಟ ಇಟ್ಟು ಹಲಗೆ ಸಮ ಮಾಡಿ ಹುಯ್ದೆವು. ಕೂದಲು, ಧೂಳು ಬೀಳದಂತೆ ರಟ್ಟಿನ ಡಬ್ಬಿ ಕವುಚಿದೆವು. "ನಾಳೆವರೆಗೆ ಯಾರೂ ಎತ್ತಬೇಡಿ," ಎಂದಳು ಪದ್ದಿ. ರಾತ್ರಿ ಅಲ್ಲೇ ಮಲಗಿದೆವು.

ಬೆಳಿಗ್ಗೆ ಡಬ್ಬಿ ತೆಗೆದರೆ ಕೊಳ ಕನ್ನಡಿಯಾಗಿತ್ತು. ಹೊಸ ಚಂದ್ರನ ನಟ್ಟನಡುವೆ ಮಾತ್ರ ಒಂದು ಹೆಬ್ಬೆಟ್ಟು.

"ನಾನಲ್ಲ! ದೇವರಾಣೆ ನಾನಲ್ಲ!" ಎಂದು ಸೀನ ತನ್ನ ಹೆಬ್ಬೆರಳನ್ನು ಗುರುತಿನ ಪಕ್ಕ ಹಿಡಿದು ತೋರಿಸಿದ. ನಿಜವಾಗಿಯೂ ಅವನದು ದೊಡ್ಡದು. ಗೋಪಿಯೂ ಹಿಡಿದು ತೋರಿಸಿದ. ಆಮೇಲೆ ಮೂವರೂ ನನ್ನ ಕಡೆ ತಿರುಗಿದರು.

ನಾನು ಕೈ ಜೇಬಿನಿಂದ ತೆಗೆಯಲಿಲ್ಲ.